ಕರಾಟೆ ಕ್ಲಾಸಿನ ಗೋಡೆಯ ಮೇಲಿರುವ ಆ ಹಿರಿಯರು ಯಾರು? ಕರಾಟೆ ಕಂಡುಹಿಡಿದವರು ಅವರೇನಾ?

ಮಗಳನ್ನು ಕ್ಲಾಸಿಗೆ ಬಿಡಲು ಹೋದಾಗ ಗೋಡೆಯ ಮೇಲೆ ವಯಸ್ಸಾದವರೊಬ್ಬರ ಫೋಟೋ ನೋಡಿದಿರಿ, ಕೆಳಗೆ ಫುನಾಕೋಶಿ ಅಂತ ಬರೆದಿತ್ತು, ಮಕ್ಕಳೆಲ್ಲ ಅದಕ್ಕೆ ತಲೆಬಾಗಿ ಅಭ್ಯಾಸ ಶುರು ಮಾಡಿದರು ಅಂತ ಬರೆದಿದ್ದೀರಿ.

ಇಲ್ಲ, ಅವರು ಕರಾಟೆ ಕಂಡುಹಿಡಿದವರಲ್ಲ. ಅವರು ಹುಟ್ಟುವುದಕ್ಕಿಂತ ಎಷ್ಟೋ ಮೊದಲೇ ಓಕಿನಾವಾ ದ್ವೀಪದಲ್ಲಿ ಅದು ಇತ್ತು. ಆದರೆ ಗುಟ್ಟಾಗಿ ಕಲಿಯುತ್ತಿದ್ದ ಆ ವಿದ್ಯೆಯನ್ನು ಟೋಕಿಯೋಗೆ ತಂದು, ಯಾರು ಬೇಕಾದರೂ ಕಲಿಯುವ ಹಾಗೆ ಮಾಡಿದವರಲ್ಲಿ ಅವರದೇ ಮೊದಲ ಹೆಸರು. ನಾನು ಅನೇಕ ವರ್ಷ ಶೋಟೋಕಾನ್, ಅಂದರೆ ಅವರಿಂದ ಬಂದ ಕರಾಟೆ ಶೈಲಿ, ಅಭ್ಯಾಸ ಮಾಡಿದವನು. ಇವರ ಬಗ್ಗೆ ಪ್ರೀತಿ ಜಾಸ್ತಿ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಗಿಚಿನ್ ಫುನಾಕೋಶಿ ಹುಟ್ಟಿದ್ದು 1868ರಲ್ಲಿ, ಓಕಿನಾವಾದ ಶೂರಿಯಲ್ಲಿ. ದಿನ ತುಂಬದೆ ಹುಟ್ಟಿದ ಕೂಸು, ಮೈಯಲ್ಲಿ ಶಕ್ತಿಯಿಲ್ಲ. ಶಾಲೆಯಲ್ಲಿ ಜೊತೆಗಿದ್ದ ಹುಡುಗನೊಬ್ಬನ ಅಪ್ಪ ಅಂಕೋ ಅಜಾಟೊ ಕರಾಟೆಯ ದೊಡ್ಡ ಗುರು. ಅವರ ಹತ್ತಿರ ಕಲಿಯಲು ಶುರು ಮಾಡಿದ ಮೇಲೆ ನಿಧಾನವಾಗಿ ಆರೋಗ್ಯವೂ ಸುಧಾರಿಸಿತು.

ಆ ಕಲಿಕೆ ಹೇಗಿತ್ತು ಗೊತ್ತಾ? ರಾತ್ರಿ ಲಾಟೀನು ಹಿಡಿದು ಗುರುಗಳ ಮನೆಗೆ ನಡೆದು ಹೋಗಬೇಕು. ಹಿತ್ತಲಲ್ಲಿ ಮಂದ ಬೆಳಕು. ಗುರುಗಳು ಜಗಲಿಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಿರುತ್ತಾರೆ. ಹುಡುಗ ಕಟಾ, ಅಂದರೆ ಗೊತ್ತುಪಡಿಸಿದ ಏಟು-ತಡೆಗಳ ಒಂದು ಸರಣಿ, ಮಾಡುತ್ತಾನೆ. "ಇನ್ನೊಮ್ಮೆ" ಅನ್ನುತ್ತಾರೆ. ಮತ್ತೆ ಮಾಡುತ್ತಾನೆ. ಮತ್ತೆ "ಇನ್ನೊಮ್ಮೆ". ಅದೇ ಒಂದು ಕಟಾ, ತಿಂಗಳುಗಟ್ಟಲೆ. ಒಮ್ಮೊಮ್ಮೆ "ಚೆನ್ನಾಗಿದೆ" ಅನ್ನುವ ಒಂದು ಮಾತು ಬಂದರೆ ಅದೇ ದೊಡ್ಡ ಮೆಚ್ಚುಗೆ. ಬೆಳಗಿನ ಜಾವ ಮನೆಗೆ ಮರಳುವ ಹುಡುಗನನ್ನು ನೋಡಿ ಅಕ್ಕಪಕ್ಕದವರು ಏನೇನೋ ಊಹೆ ಮಾಡುತ್ತಿದ್ದರಂತೆ. ಮುಂದೆ ಅಂಕೋ ಇಟೋಸು ಅವರ ಹತ್ತಿರವೂ ಕಲಿತರು.

ಡಾಕ್ಟರ್ ಆಗಬೇಕು ಅನ್ನುವ ಆಸೆ ಇತ್ತು. ಪ್ರವೇಶ ಪರೀಕ್ಷೆಯನ್ನೂ ಪಾಸು ಮಾಡಿದ್ದರು. ಆದರೆ ವೈದ್ಯಕೀಯ ಶಾಲೆಗೆ ಸೇರಬೇಕಾದರೆ ಜುಟ್ಟು ಕತ್ತರಿಸಬೇಕಿತ್ತು, ಮನೆಯವರು ಒಪ್ಪಲಿಲ್ಲ. ಜುಟ್ಟು ಅವರಿಗೆ ಮನೆತನದ ಮರ್ಯಾದೆ. ಕೊನೆಗೆ 1888ರಲ್ಲಿ ಶಾಲಾ ಮೇಷ್ಟ್ರಾದರು. ಆ ಕೆಲಸಕ್ಕೂ ಜುಟ್ಟು ಇರಬಾರದು. ಕತ್ತರಿಸಿಕೊಂಡು ಮನೆಗೆ ಬಂದ ದಿನ ಅಪ್ಪ ಕೂಗಾಡಿದರು. ಅಮ್ಮ ಮಾತೇ ಆಡದೆ ಹಿಂಬಾಗಿಲಿನಿಂದ ತವರಿಗೆ ಹೊರಟುಹೋದರು.

ಸುಮಾರು ಮೂವತ್ತು ವರ್ಷ ಮೇಷ್ಟ್ರ ಕೆಲಸವನ್ನೇ ಮಾಡಿದರು. ನನ್ನ ಲೆಕ್ಕದಲ್ಲಿ ಅವರನ್ನು ಅರ್ಥ ಮಾಡಿಕೊಳ್ಳಲು ಇದೇ ಮುಖ್ಯ. ಓಕಿನಾವಾದಲ್ಲಿ ಅವರಿಗಿಂತ ಗಟ್ಟಿ ಆಳುಗಳು ಇದ್ದರು. ಆದರೆ ಏನೂ ಗೊತ್ತಿಲ್ಲದವರನ್ನು ಸಾಲಾಗಿ ನಿಲ್ಲಿಸಿ, ಮೊದಲಿನಿಂದ, ಬೇಸರವಿಲ್ಲದೆ ಹೇಳಿಕೊಡುವುದು ಮೇಷ್ಟ್ರಿಗೆ ಬರುವ ವಿದ್ಯೆ.

1922ರಲ್ಲಿ ಟೋಕಿಯೋದಲ್ಲಿ ಶಿಕ್ಷಣ ಇಲಾಖೆಯ ಒಂದು ಕ್ರೀಡಾ ಪ್ರದರ್ಶನ ನಡೆಯಿತು. ಅಲ್ಲಿ ಕರಾಟೆ ತೋರಿಸಲು ಅವರನ್ನೇ ಕಳಿಸಿದರು. ಆಗ ವಯಸ್ಸು 53. ತೋರಿಸಿ ವಾಪಸು ಬರುವ ಯೋಚನೆ ಇತ್ತು. ಆದರೆ ಜೂಡೋ ಶುರು ಮಾಡಿದ ಜಿಗೋರೊ ಕಾನೊ ತಮ್ಮ ಜೂಡೋ ಶಾಲೆ ಕೊಡೋಕಾನ್‌ಗೆ ಕರೆದು, ಇನ್ನಷ್ಟು ದಿನ ಇದ್ದು ಹೇಳಿಕೊಡಿ ಅಂದರು. ಉಳಿದರು. ಹೆಂಡತಿ ಬರಲಿಲ್ಲ. ಹಿರಿಯರ ಪೂಜೆ, ಸಮಾಧಿಗಳ ಜವಾಬ್ದಾರಿ ಬಿಟ್ಟು ಬರುವುದು ಅವರಿಂದ ಆಗಲಿಲ್ಲ.

ಟೋಕಿಯೋದಲ್ಲಿ ಕೈಯಲ್ಲಿ ದುಡ್ಡಿಲ್ಲ. ಓಕಿನಾವಾದ ವಿದ್ಯಾರ್ಥಿಗಳಿಗೆಂದು ಇದ್ದ ಮೇಯ್ಸೆ ಜುಕು ಹಾಸ್ಟೆಲಿನಲ್ಲಿ ಒಂದು ಚಿಕ್ಕ ಕೋಣೆ ಸಿಕ್ಕಿತು. ಹಗಲು ಅಲ್ಲೇ ಕಾವಲು, ಕೋಣೆ ಗುಡಿಸುವುದು, ತೋಟದ ಕೆಲಸ. ಸಂಜೆ ಕರಾಟೆ. ಒಂದು ದಿನ ಅಂಗಳ ಗುಡಿಸುತ್ತಿದ್ದಾಗ ಪತ್ರಿಕೆಯವನೊಬ್ಬ ಬಂದು, "ಕರಾಟೆ ಗುರು ಫುನಾಕೋಶಿ ಎಲ್ಲಿ ಸಿಗುತ್ತಾರೆ?" ಅಂತ ಕೇಳಿದ. "ಒಂದು ನಿಮಿಷ" ಅಂದು ಒಳಗೆ ಹೋದರು. ಒಳ್ಳೆಯ ಕಿಮೋನೋ ಉಟ್ಟು ಹೊರಗೆ ಬಂದು, "ನಮಸ್ಕಾರ, ನಾನೇ ಫುನಾಕೋಶಿ" ಅಂದರು. ಬಂದವನ ಮುಖ ಹೇಗಾಯಿತು ಅನ್ನುವುದನ್ನು ಅವರು ಕೊನೆಯವರೆಗೂ ಮರೆಯಲಿಲ್ಲ.

1924ರಲ್ಲಿ ಕೇಯೋ ವಿಶ್ವವಿದ್ಯಾಲಯದಲ್ಲಿ ಕರಾಟೆ ಕ್ಲಬ್ ಶುರುವಾಯಿತು. ಅದೇ ವರ್ಷ ಶಿಷ್ಯರಿಗೆ ಮೊದಲ ಸಲ ಬ್ಲಾಕ್ ಬೆಲ್ಟ್ ಕೊಟ್ಟರು. ನಿಮ್ಮ ಮಗಳು ಹಾಕುವ ಬಿಳಿ ಬಟ್ಟೆ, ಬೆಲ್ಟು, ಎರಡೂ ಕರಾಟೆಗೆ ಬಂದದ್ದು ಜೂಡೋದಿಂದ. ಹೆಸರನ್ನೂ ಬದಲಿಸಿದರು. ಮೊದಲು 'ಚೀನೀ ಕೈ' ಅನ್ನುವ ಅರ್ಥದ ಅಕ್ಷರದಲ್ಲಿ ಬರೆಯುತ್ತಿದ್ದರು. ಅದೇ ಉಚ್ಚಾರ ಇಟ್ಟುಕೊಂಡು 'ಬರಿಗೈ' ಅನ್ನುವ ಅರ್ಥದ ಅಕ್ಷರ ತಂದರು. ಓಕಿನಾವಾದಲ್ಲಿ ಕೆಲವರಿಗೆ ಇದು ಸಿಟ್ಟು ತರಿಸಿತು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ, ಹಳೆಯ ನಂಟೊಂದು ಅಳಿಸಿಹೋಯಿತಲ್ವಾ.

1930ರ ದಶಕದಲ್ಲಿ ಶಿಷ್ಯರು, ಹಿತೈಷಿಗಳು ದುಡ್ಡು ಕೂಡಿಸಿ ಅವರಿಗೊಂದು ಡೋಜೋ, ಅಂದರೆ ಅಭ್ಯಾಸದ ಮನೆ, ಕಟ್ಟಿದರು. ಶೋಟೊ ಅನ್ನುವುದು ಅವರು ಕವಿತೆಗಳಿಗೆ ಹಾಕುತ್ತಿದ್ದ ಹೆಸರು. ಅದರ ಅರ್ಥ, ಪೈನ್ ಮರಗಳಲ್ಲಿ ಗಾಳಿ ಬೀಸಿದಾಗ ಏಳುವ ಅಲೆಯಂಥ ಸದ್ದು. ಬಾಗಿಲ ಮೇಲೆ ಶಿಷ್ಯರು 'ಶೋಟೋಕಾನ್', ಅಂದರೆ ಶೋಟೊ ಅವರ ಮನೆ, ಅಂತ ಬೋರ್ಡು ಹಾಕಿಸಿದರು.

1945 ಎಲ್ಲವನ್ನೂ ಕಿತ್ತುಕೊಂಡಿತು. ಬಾಂಬ್ ದಾಳಿಯಲ್ಲಿ ಡೋಜೋ ಸುಟ್ಟುಹೋಯಿತು. ಅಲ್ಲಿ ಕಲಿಸುತ್ತಿದ್ದ ಮಗ ಗಿಗೊ ಕಾಯಿಲೆಯಿಂದ ತೀರಿಕೊಂಡರು. ಯುದ್ಧದಿಂದ ತಪ್ಪಿಸಿಕೊಂಡು ಓಕಿನಾವಾದಿಂದ ಬಂದ ಹೆಂಡತಿಯನ್ನು ಕ್ಯೂಶೂ ದ್ವೀಪದ ಓಯಿಟಾದಲ್ಲಿ ಕೂಡಿಕೊಂಡರು. ಅಷ್ಟು ವರ್ಷ ದೂರ ಇದ್ದು ಒಟ್ಟಿಗೆ ಸಿಕ್ಕಿದ್ದು ಬಹಳ ಕಡಿಮೆ ದಿನ. 1947ರಲ್ಲಿ ಆಕೆಯೂ ಹೋದರು. ಎಂಬತ್ತರ ಹತ್ತಿರದ ಮನುಷ್ಯ ಮತ್ತೆ ಟೋಕಿಯೋಗೆ ಬಂದು ಕಲಿಸಲು ನಿಂತರು. ತೀರಿಕೊಂಡಿದ್ದು 1957ರ ಏಪ್ರಿಲ್‌ನಲ್ಲಿ.

ಕಾಮಾಕುರಾದ ಎಂಗಾಕು-ಜಿ ದೇವಾಲಯದಲ್ಲಿ ಅವರ ನೆನಪಿನ ಕಲ್ಲಿದೆ. ಅದರ ಮೇಲೆ ಕೆತ್ತಿರುವ ಅವರ ಮಾತು: ಕರಾಟೆಯಲ್ಲಿ ಮೊದಲ ಏಟು ಇಲ್ಲ. ಮಗಳ ಕ್ಲಾಸು ಶೋಟೋಕಾನ್ ಆಗಿದ್ದರೆ ಹೇಯಾನ್ ಅನ್ನುವ ಐದು ಕಟಾ ಕಲಿಸುತ್ತಾರೆ. ಇಟೋಸು ಅವುಗಳನ್ನು ಶಾಲೆಯ ಮಕ್ಕಳಿಗಾಗಿ ಮಾಡಿದ್ದು, ಹೇಯಾನ್ ಅಂತ ಹೆಸರಿಟ್ಟಿದ್ದು ಫುನಾಕೋಶಿ. ಮನೆಯಲ್ಲಿ ಒಮ್ಮೆ ಮಾಡಿ ತೋರಿಸಲು ಹೇಳಿ. ಐದರಲ್ಲೂ ಕೈ ಮೊದಲು ಏಳುವುದು ಏಟು ತಡೆಯಲು.