ಒಂದೇ ನಂಬರಿನ ಎರಡು ಪುಸ್ತಕ

ಪ್ರಶ್ನೆ: ಮೇಡಂ, ನಮ್ಮ ಊರಿನ ವಾಚನಾಲಯದ ಪುಸ್ತಕಗಳ ಪಟ್ಟಿಯನ್ನು ವೆಬ್‌ಸೈಟ್ ನಡೆಸುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನಲ್ಲಿ ಹಾಕುತ್ತಿದ್ದೇವೆ. ಒಂದು ಪುಸ್ತಕಕ್ಕೆ ಒಂದು ಪೋಸ್ಟ್, ಅಕ್ಸೆಷನ್ ನಂಬರಿಗೆ (ರಿಜಿಸ್ಟರಿನಲ್ಲಿ ಪ್ರತಿ ಪುಸ್ತಕಕ್ಕೂ ಕೊಡುವ ಕ್ರಮಸಂಖ್ಯೆಗೆ) ಒಂದು ಕಸ್ಟಮ್ ಫೀಲ್ಡ್, ಅಂದರೆ ನಾವೇ ಸೇರಿಸಿಕೊಂಡ ಮಾಹಿತಿಯ ಕೋಶ. ಸಂಜೆ ಹೊತ್ತು ನಾವಿಬ್ಬರು ಕುಳಿತು ತುಂಬುತ್ತೇವೆ. ಮೊನ್ನೆ ನೋಡಿದರೆ 1187 ಒಂದು ಅಡುಗೆ ಪುಸ್ತಕಕ್ಕೂ ಇದೆ, ಒಂದು ವ್ಯಾಕರಣಕ್ಕೂ ಇದೆ! ಕೋಡ್‌ನಲ್ಲಿ 'ಯುನಿಕ್' (ಒಂದೇ ಒಂದು ಇರಲಿ) ಎಂಬಲ್ಲಿ 'ಟ್ರೂ' (ಹೌದು) ಕೊಟ್ಟಿದ್ದೆವು. ಹೀಗೇಕಾಯಿತು? ಇಂಥವು ಇನ್ನೆಷ್ಟಿವೆಯೋ, ಹುಡುಕುವುದು ಹೇಗೆ?
— ವಾಚನಾಲಯದ ಸ್ವಯಂಸೇವಕಿ, ಶಿರಸಿ

ಉತ್ತರ: ಆ 'ಯುನಿಕ್' ನನಗೂ ಒಮ್ಮೆ ಟೋಪಿ ಹಾಕಿದೆ. ಒಂದು ಸಹಕಾರ ಸಂಘದ ಸದಸ್ಯರ ಪಟ್ಟಿ ಮಾಡಿಕೊಡುವಾಗ ಅದನ್ನೇ ನಂಬಿ ಕುಳಿತಿದ್ದೆ. ಇಬ್ಬರಿಗೆ ಒಂದೇ ಸದಸ್ಯತ್ವ ಸಂಖ್ಯೆ ಬಿದ್ದು, ವಾರ್ಷಿಕ ಸಭೆಯ ನೋಟಿಸು ಒಬ್ಬರಿಗೆ ಮಾತ್ರ ಹೋಯಿತು. ಇನ್ನೊಬ್ಬರು ನನ್ನನ್ನು ಹುಡುಕಿಕೊಂಡು ಬಂದರು. ಮಜ್ಜಿಗೆ ಕೊಟ್ಟರೂ ಕುಡಿಯಲಿಲ್ಲ.

ಪೋಸ್ಟಿಗೆ ಫೀಲ್ಡ್ ಸೇರಿಸುವ 'ಆಡ್ ಪೋಸ್ಟ್ ಮೆಟಾ' ಫಂಕ್ಷನ್ನಿನ ನಾಲ್ಕನೆಯ ಆರ್ಗ್ಯುಮೆಂಟ್ ಅದು. ಈ ಪೋಸ್ಟಿನಲ್ಲಿ ಈ ಹೆಸರಿನ ಫೀಲ್ಡ್ ಆಗಲೇ ಇದೆಯೇ ಎಂದಷ್ಟೇ ಅದು ಕೇಳುತ್ತದೆ. ಪಕ್ಕದ ಪೋಸ್ಟಿನಲ್ಲಿ ಯಾವ ನಂಬರಿದೆ ಎಂದು ತಿರುಗಿಯೂ ನೋಡುವುದಿಲ್ಲ.

ಮೊದಲು ಆಗಿರುವ ಎಡವಟ್ಟನ್ನು ಎಣಿಸಿ. ಬ್ಯಾಕಪ್ ತೆಗೆದಿಟ್ಟುಕೊಂಡು, ಡೇಟಾಬೇಸನ್ನು ನೇರವಾಗಿ ನೋಡಲು ಬಳಸುವ ಪಿಎಚ್‌ಪಿಮೈಅಡ್ಮಿನ್ ತೆರೆಯಿರಿ. ಎಲ್ಲ ಕಸ್ಟಮ್ ಫೀಲ್ಡ್‌ಗಳೂ 'ಪೋಸ್ಟ್‌ಮೆಟಾ' ಎಂಬ ಒಂದೇ ಟೇಬಲ್ಲಿನಲ್ಲಿರುತ್ತವೆ. ಅಲ್ಲಿ ಎಸ್‌ಕ್ಯೂಎಲ್ (ಡೇಟಾಬೇಸನ್ನು ಪ್ರಶ್ನಿಸುವ ಭಾಷೆ) ಬಳಸಿ ನಿಮ್ಮ ಫೀಲ್ಡಿನ ಸಾಲುಗಳನ್ನಷ್ಟೇ ಆರಿಸಿ, ನಂಬರು ಇರುವ 'ಮೆಟಾ ವ್ಯಾಲ್ಯೂ' ಕಾಲಮ್ಮಿನ ಮೇಲೆ 'ಗ್ರೂಪ್ ಬೈ' ಮಾಡಿ (ಒಂದೇ ನಂಬರಿನವು ಒಂದು ಗುಂಪಾಗುತ್ತವೆ), 'ಹ್ಯಾವಿಂಗ್' ಹಾಕಿ ಒಂದಕ್ಕಿಂತ ಹೆಚ್ಚು ಸಲ ಬಂದವನ್ನು ಉಳಿಸಿಕೊಳ್ಳಿ. 'ಗ್ರೂಪ್ ಕಾನ್‌ಕ್ಯಾಟ್' ಸೇರಿಸಿದರೆ ಯಾವ ಯಾವ ಪೋಸ್ಟ್ ಐಡಿಗಳು ಎಂಬುದೂ ಪಕ್ಕದಲ್ಲೇ ಸಿಗುತ್ತದೆ. ನಂಬರು ಹಾಕದೆ ಖಾಲಿ ಬಿಟ್ಟವೆಲ್ಲ ಒಂದು ಗುಂಪಾಗಿ ಬರಬಹುದು, ಗಾಬರಿಯಾಗಬೇಡಿ. 'ಪೋಸ್ಟ್ಸ್' ಟೇಬಲ್ಲನ್ನೂ ಜೋಡಿಸಿ ಪುಸ್ತಕದ ಪೋಸ್ಟ್‌ಗಳನ್ನಷ್ಟೇ ನೋಡುವುದು ಕ್ಷೇಮ. ಕೆಲವು ಪ್ಲಗಿನ್‌ಗಳು ರಿವಿಷನ್‌ಗಳಿಗೂ (ಪೋಸ್ಟಿನ ಹಳೆಯ ಪ್ರತಿಗಳಿಗೂ) ಇದೇ ನಂಬರನ್ನು ಬರೆದಿಟ್ಟಿರುತ್ತವೆ.

ಇಷ್ಟಾದರೂ ಕೆಲವು ತಪ್ಪಿಸಿಕೊಳ್ಳುತ್ತವೆ. ಆ ಕಾಲಮ್ಮಿನಲ್ಲಿ ಇರುವುದು ಪಠ್ಯ, ಸಂಖ್ಯೆಯಲ್ಲ. '1187' ಬೇರೆ, '01187' ಬೇರೆ, ಮುಂದೊಂದು ಖಾಲಿ ಜಾಗ ಬಿದ್ದ ' 1187' ಇನ್ನೂ ಬೇರೆ. ನಿಮ್ಮಿಬ್ಬರಲ್ಲಿ ಒಬ್ಬರಿಗೆ '೧೧೮೭' ಎಂದು ಕನ್ನಡ ಅಂಕಿಯಲ್ಲಿ ಬರೆಯುವ ಅಭ್ಯಾಸವಿದ್ದರೆ ಇನ್ನೊಂದು ತಲೆನೋವು. ಉಳಿಸುವ ಮೊದಲೇ ಖಾಲಿ ಜಾಗ ಕತ್ತರಿಸಿ, ಮುಂದಿನ ಸೊನ್ನೆ ತೆಗೆದು, ಅಂಕಿಗಳನ್ನು ಒಂದೇ ರೂಪಕ್ಕೆ ತನ್ನಿ. ಹಳೆಯ ನಮೂದುಗಳನ್ನೂ ಹೀಗೆ ಹಸನು ಮಾಡಿ ಮತ್ತೊಮ್ಮೆ ಎಣಿಸಿ.

ಇನ್ನು ಮುಂದೆ ಹೀಗಾಗದಂತೆ ನೋಡಿಕೊಳ್ಳಲು, ನಂಬರು ಬರೆಯುವ ಮುನ್ನ 'ಗೆಟ್ ಪೋಸ್ಟ್ಸ್' ಫಂಕ್ಷನ್ ಮೂಲಕ ಅದೇ ಫೀಲ್ಡ್, ಅದೇ ನಂಬರಿನ ಬೇರೆ ಪೋಸ್ಟ್ ಇದೆಯೇ ಎಂದು ಕೇಳಿ. ಈಗ ತೆರೆದಿರುವ ಪೋಸ್ಟಿನ ಐಡಿಯನ್ನು ಹೊರಗಿಡಿ. ಇಲ್ಲವಾದರೆ ಒಂದು ಕಾಗುಣಿತ ತಿದ್ದಿ ಉಳಿಸಿದರೂ ಪುಸ್ತಕ ತನ್ನ ನಂಬರನ್ನು ತಾನೇ ಕದ್ದಿದೆ ಎಂದು ದೂರು ಬರುತ್ತದೆ. ಆ ಫಂಕ್ಷನ್ ತಾನಾಗಿ ಹುಡುಕುವುದು ಪ್ರಕಟವಾದ ಪೋಸ್ಟ್‌ಗಳಲ್ಲಿ ಮಾತ್ರ. ಸ್ಟೇಟಸ್ಸಿಗೆ 'ಎನಿ' ಕೊಟ್ಟರೆ ಡ್ರಾಫ್ಟ್‌ಗಳೂ ಸೇರುತ್ತವೆ. ಆದರೆ ಅನುಪಯುಕ್ತ ಬುಟ್ಟಿಗೆ ಹಾಕಿದವು ಆಗಲೂ ಸೇರುವುದಿಲ್ಲ. ಕಳೆದುಹೋದ ಪುಸ್ತಕದ ನಂಬರನ್ನು ರಿಜಿಸ್ಟರಿನಲ್ಲಿ ಹೊಸ ಪುಸ್ತಕಕ್ಕೆ ಕೊಡುವ ಪದ್ಧತಿ ಇಲ್ಲವಲ್ಲ, ಹಾಗಾಗಿ 'ಟ್ರ್ಯಾಶ್' ಎಂಬುದನ್ನೂ ಹೆಸರು ಹಿಡಿದು ಸೇರಿಸಿ. 'ಅಡ್ವಾನ್ಸ್ಡ್ ಕಸ್ಟಮ್ ಫೀಲ್ಡ್ಸ್' ಪ್ಲಗಿನ್ ಬಳಸುವವರು ಈ ಪರೀಕ್ಷೆಯನ್ನು ಅದರ 'ವ್ಯಾಲಿಡೇಟ್ ವ್ಯಾಲ್ಯೂ' ಫಿಲ್ಟರಿನಲ್ಲಿ ಇಟ್ಟರೆ, ಫೀಲ್ಡಿನ ಹತ್ತಿರವೇ 'ಈ ನಂಬರು ಆಗಲೇ ಇದೆ' ಎಂದು ತೋರಿಸಿ ತಡೆಯಬಹುದು.

ಇಬ್ಬರೂ ಒಂದೇ ಕ್ಷಣದಲ್ಲಿ ಉಳಿಸಿದರೆ ಎರಡು ಪರೀಕ್ಷೆಗಳೂ 'ಇಲ್ಲ' ಎಂದು ಹೇಳಿ, ಎರಡು ನಂಬರುಗಳೂ ಒಳಗೆ ಹೋಗುವ ಸಾಧ್ಯತೆ ಉಳಿಯುತ್ತದೆ. ಅದನ್ನೂ ಮುಚ್ಚಬೇಕೆಂದರೆ ನಂಬರು ಮತ್ತು ಪೋಸ್ಟ್ ಐಡಿಗಳ ಪುಟ್ಟ ಪ್ರತ್ಯೇಕ ಟೇಬಲ್ ಮಾಡಿ, ನಂಬರಿನ ಕಾಲಮ್ಮಿಗೆ 'ಯುನಿಕ್' ಇಂಡೆಕ್ಸ್ ಹಾಕಿ. ಈ 'ಯುನಿಕ್' ಮಾತಿಗೆ ತಪ್ಪುವುದಿಲ್ಲ. ಎರಡನೆಯದನ್ನು ಡೇಟಾಬೇಸೇ ಹಿಂದಕ್ಕೆ ತಳ್ಳುತ್ತದೆ. ನಿಮ್ಮಿಬ್ಬರ ಸಂಜೆ ಕೆಲಸಕ್ಕೆ ಅಷ್ಟು ಬೇಡವೆಂದು ನನ್ನ ಎಣಿಕೆ. ತಿಂಗಳಿಗೊಮ್ಮೆ ಮೇಲಿನ ಎಣಿಕೆ ಓಡಿಸಿದರೆ ಸಾಕು.

ಅಂದಹಾಗೆ, 1187 ಅಡುಗೆಯದೋ ವ್ಯಾಕರಣದ್ದೋ ಎಂಬುದು ಡೇಟಾಬೇಸಿಗೆ ಗೊತ್ತಿಲ್ಲ. ಎರಡೂ ಪುಸ್ತಕಗಳನ್ನು ಕಪಾಟಿನಿಂದ ಇಳಿಸಿ, ಮೊಹರಿನೊಳಗೆ ಶಾಯಿಯಲ್ಲಿ ಏನು ಬರೆದಿದೆ ಎಂದು ನೋಡಿ.