ಸಹಿ ಹಾಕುವ ಮುನ್ನ ಅವರನ್ನು ಕಾಣಿ

ಪ್ರಶ್ನೆ: ನಾನು ಬೆಂಗಳೂರಿನ ಲಿಂಗರಾಜಪುರದ ಕ್ರೈಸ್ತ ಸಭೆಯೊಂದರ ಖಜಾಂಚಿ. ಬಾಡಿಗೆ ಮನೆಯಲ್ಲಿ ಚಾಪೆ ಹಾಸಿ ಪ್ರಾರ್ಥನೆ ಆರಂಭಿಸಿದ ನಮ್ಮ ಪಾಸ್ಟರ್, ನನ್ನ ತಂದೆಯ ಕೊನೆಯ ರಾತ್ರಿ ಆಸ್ಪತ್ರೆಯಲ್ಲಿ ಜೊತೆಗಿದ್ದವರು. ಈಗ ಕಟ್ಟಡ ನಿಧಿಯ ಹಣದಲ್ಲಿ ಕಾರು ಕೊಂಡು, ಅದನ್ನು ‘ಸೇವಾ ವೆಚ್ಚ’ ಎಂದು ಬರೆದು ಸಹಿ ಹಾಕಲು ಹೇಳುತ್ತಿದ್ದಾರೆ. ಅಭಿಷಿಕ್ತರನ್ನು, ಅಂದರೆ ದೇವರು ಆರಿಸಿಕೊಂಡವರನ್ನು, ಮುಟ್ಟಬಾರದೆಂದು ಹಿರಿಯರು ಸುಮ್ಮನಿದ್ದಾರೆ. ನಾನೇನು ಮಾಡಲಿ?

ಉತ್ತರ: ಸಹೋದರಿ, ಸಹಿ ಹಾಕಬೇಡಿ. ಹಿರಿಯರು ನೆನಪಿಸುವ ಆ ಮಾತು ಬೈಬಲಿನ 105ನೆಯ ಕೀರ್ತನೆಯದು. ನೆಲೆಯಿಲ್ಲದೆ ಅಲೆಯುತ್ತಿದ್ದ ಅಬ್ರಹಾಮ, ಇಸಾಕ, ಯಾಕೋಬರೆಂಬ ಪಿತೃಗಳನ್ನು ಕಾಪಾಡಲು ದೇವರು ಅರಸರನ್ನು ಗದರಿಸಿ ಹೇಳಿದ್ದು ಅದು. ಅಧಿಕಾರದಲ್ಲಿರುವವರು ಲೆಕ್ಕ ಕೊಡದಿರಲು ಅದನ್ನು ಗುರಾಣಿ ಮಾಡಿಕೊಳ್ಳುವುದು ನ್ಯಾಯವಲ್ಲ.

ನಿಮ್ಮ ಪಾಸ್ಟರ್ ಮೊದಲಿನಿಂದಲೂ ಕಪಟಿಯಾಗಿದ್ದರೆಂದು ನಾನು ಭಾವಿಸುವುದಿಲ್ಲ. ಗಿಬ್ಯೋನಿನಲ್ಲಿ ಐಶ್ವರ್ಯವನ್ನು ಬಿಟ್ಟು ವಿವೇಕವನ್ನು ಬೇಡಿದ ಇಸ್ರಾಯೇಲಿನ ಅರಸ ಸೊಲೊಮೋನನ ಬೇಡಿಕೆಯೂ ಪ್ರಾಮಾಣಿಕವಾದದ್ದೇ. ಆದರೆ ದೇವಾಲಯಕ್ಕೆ 7 ವರ್ಷ ತೆಗೆದುಕೊಂಡವನು ಸ್ವಂತ ಅರಮನೆಗೆ 13 ವರ್ಷ ತೆಗೆದುಕೊಂಡ. ಅರಸನು ಕುದುರೆ, ಹೆಂಡಿರು, ಬೆಳ್ಳಿಬಂಗಾರಗಳನ್ನು ಹೆಚ್ಚಿಸಿಕೊಳ್ಳಬಾರದೆಂದು ಧರ್ಮೋಪದೇಶಕಾಂಡದ 17ನೆಯ ಅಧ್ಯಾಯ ಹೇಳಿದ್ದರೂ ಮೂರನ್ನೂ ಹೆಚ್ಚಿಸಿಕೊಂಡ, ಕೊನೆಗೆ ಅವನ ಹೃದಯವೇ ಅನ್ಯದೇವತೆಗಳ ಕಡೆಗೆ ತಿರುಗಿತು. ಅದೇ ಅಧ್ಯಾಯ ಅರಸನು ಧರ್ಮಶಾಸ್ತ್ರದ ಪ್ರತಿಯನ್ನು ಬರೆದುಕೊಂಡು ದಿನವೂ ಓದಬೇಕೆಂದು ವಿಧಿಸಿದ್ದು, ಅವನು ತನ್ನ ಸಹೋದರರಿಗಿಂತ ತಾನು ಮೇಲೆಂದು ಎಣಿಸಬಾರದೆಂದೇ. ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ: ಅವನ ತಂದೆ ದಾವೀದನು ಪಾಪ ಮಾಡಿದಾಗ ಎದುರು ನಿಂತು “ಆ ಮನುಷ್ಯನು ನೀನೇ” ಎನ್ನಲು ಪ್ರವಾದಿ ನಾತಾನನಿದ್ದ, ಸೊಲೊಮೋನನನ್ನು ಹಾಗೆ ಮುಖಾಮುಖಿ ಎಚ್ಚರಿಸಿದ ಒಬ್ಬ ಪ್ರವಾದಿಯ ಹೆಸರೂ ಅರಸುಗಳ ಗ್ರಂಥದಲ್ಲಿ ಕಾಣುವುದಿಲ್ಲ. ನಿಮ್ಮ ಸಭೆಯ ಹಿರಿಯರ ಮೌನವನ್ನು ಗೌರವವೆಂದು ಕರೆಯಲು ನನಗೆ ಮನಸ್ಸು ಬಾರದಿರುವುದು ಇದಕ್ಕೇ. ಆ ಮೌನದಿಂದ ಕೆಡುತ್ತಿರುವುದು ನಿಮ್ಮ ಪಾಸ್ಟರರ ಆತ್ಮ.

ನಿಮ್ಮ ಕುಟುಂಬದ ಮೇಲೆ ಅವರ ಋಣ ದೊಡ್ಡದು. ಆ ಋಣವಿರುವುದರಿಂದಲೇ ನಿಮ್ಮ ಮಾತು ಅವರಿಗೆ ಹಗೆಯಂತೆ ಕೇಳಿಸಲಾರದು. ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದ ಕ್ರಮದಂತೆ ಮೊದಲು ಒಬ್ಬರೇ ಹೋಗಿ, ಪಾಸ್‌ಬುಕ್ಕನ್ನೂ ಕಾಣಿಕೆಯ ರಸೀದಿ ಪುಸ್ತಕವನ್ನೂ ಮೇಜಿನ ಮೇಲಿಟ್ಟು, ಹಣವನ್ನು ನಿಧಿಗೆ ಹಿಂದಿರುಗಿಸಿ ವಿಷಯವನ್ನು ತಾವೇ ಸಭೆಗೆ ತಿಳಿಸುವಂತೆ ಕೇಳಿಕೊಳ್ಳಿ. ಒಪ್ಪದಿದ್ದರೆ ಒಬ್ಬಿಬ್ಬರು ಹಿರಿಯರೊಂದಿಗೆ ಮತ್ತೆ ಹೋಗಿ. ನಿಮ್ಮ ಸಭೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿತವಾಗಿದ್ದರೆ, ಲೆಕ್ಕಪರಿಶೋಧನೆಯೂ ವಾರ್ಷಿಕ ಮಹಾಸಭೆಯೂ ಕಡ್ಡಾಯ. ಪ್ರಶ್ನೆಯನ್ನು ಅಲ್ಲಿ ಎತ್ತುವುದು ನಿಮ್ಮ ಹಕ್ಕು. ಅದಕ್ಕೂ ಅವರು ಮಣಿಯದಿದ್ದರೆ, ಸಹಿ ಹಾಕದಿರುವ ಕಾರಣವನ್ನು ಬರೆದುಕೊಟ್ಟು, ಅದರ ಪ್ರತಿಯೊಂದನ್ನು ಇಟ್ಟುಕೊಂಡು, ಖಜಾಂಚಿ ಸ್ಥಾನವನ್ನು ಬಿಡಿ.