650 ವ್ಯಾಟ್ ಪವರ್ ಸಪ್ಲೈಗೆ ಎರಡನೇ ಆರ್‌ಟಿಎಕ್ಸ್ 3060 ಹಾಕಬಹುದಾ?

ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರಿನಲ್ಲಿ ರೆಂಡರಿಂಗ್‌ಗೆ (ಅಂತಿಮ ಚಿತ್ರ ತಯಾರಿಸಲು) ಇನ್ನೊಂದು 3060 ಗ್ರಾಫಿಕ್ಸ್ ಕಾರ್ಡ್ ಸೇರಿಸಿದರೆ ಕಂಪ್ಯೂಟರಿನಲ್ಲಿ ಈಗಿರುವ 650 ವ್ಯಾಟ್ ಪವರ್ ಸಪ್ಲೈ ಸಾಕಾ ಅಂತ ಕೇಳಿದ್ದೀರಿ. ಸಾಕಾಗಬಹುದು. ಆದರೆ ಮೊದಲು ಸಪ್ಲೈ ಮೇಲಿನ ಲೇಬಲ್ ಓದಿ.

ಒಂದು 3060ಗೆ 170 ವ್ಯಾಟ್, ಎರಡಕ್ಕೆ 340. ನಿಮ್ಮ ರೈಜನ್ 5 5600 ಪ್ರೊಸೆಸರ್ ಪೂರ್ತಿ ಲೋಡ್‌ನಲ್ಲಿ 80ರ ಆಸುಪಾಸು. ಬೋರ್ಡ್, ರ‍್ಯಾಮ್, ಡಿಸ್ಕ್, ಫ್ಯಾನ್‌ಗಳಿಗೆ 60 ಇಟ್ಟುಕೊಳ್ಳಿ. ಒಟ್ಟು 480. ಇದರಲ್ಲಿ ಹೆಚ್ಚಿನದು ಬರುವುದು 12 ವೋಲ್ಟ್ ಲೈನಿನಿಂದ. ಲೇಬಲ್‌ನಲ್ಲಿ ಅದಕ್ಕೆ 54 ಆಂಪಿಯರ್ ಇದ್ದರೆ 648 ವ್ಯಾಟ್ (12 × 54) ಸಿಗುತ್ತದೆ. 40 ಅಂತಿದ್ದರೆ ಬರೀ 480. ಡಬ್ಬದ ಮೇಲೆ ದೊಡ್ಡದಾಗಿ 650 ಅಂತ ಬರೆದಿದ್ದರೂ ಅಂಥದ್ದನ್ನು ನಂಬಬೇಡಿ. ಕಾರ್ಡ್‌ಗಳು ಕ್ಷಣಮಾತ್ರಕ್ಕೆ ತಮ್ಮ ಮಿತಿಗಿಂತ ಜಾಸ್ತಿ ಎಳೆಯುತ್ತವೆ, ಆಗ ಮಷಿನ್ ಸುಮ್ನೆ ಆಫ್ ಆಗುತ್ತದೆ. ರಾತ್ರಿಯಿಡೀ ರೆಂಡರ್ ಬಿಟ್ಟು ಮಲಗುವವರಿಗೆ ಇದಕ್ಕಿಂತ ಕಿರಿಕಿರಿ ಬೇರೆ ಇಲ್ಲ!

ಹೊಸದು ಕೊಳ್ಳುವುದಾದರೆ ಒಳ್ಳೆಯ 750 ತಗೊಳ್ಳಿ. 1000 ಬೇಕಿಲ್ಲ.

ಪ್ರತಿ ಕಾರ್ಡಿಗೂ ಸಪ್ಲೈಯಿಂದಲೇ ಬರುವ ಬೇರೆ ಬೇರೆ 8 ಪಿನ್ ಕೇಬಲ್ ಹಾಕಿ. ಡಿಸ್ಕ್‌ಗೆ ಪವರ್ ಕೊಡುವ ಸಾಟಾ ಕನೆಕ್ಟರಿನಿಂದ 8 ಪಿನ್‌ಗೆ ಬದಲಿಸುವ ಅಡಾಪ್ಟರ್ ಖಂಡಿತ ಬೇಡ, ಕರಗಿಹೋಗಬಹುದು. ಇನ್ನೊಂದು ಸಪ್ಲೈಯ ಕೇಬಲ್ಲೂ ಬೇಡ. ತುದಿ ಕೂತರೂ ಒಳಗಿನ ಪಿನ್ ಜೋಡಣೆ ಬೇರೆ ಇರಬಹುದು.

ಈಗಲೇ ಸಪ್ಲೈ ಬದಲಿಸುವ ಮನಸ್ಸಿಲ್ಲ, ಲೇಬಲ್ ಕೂಡ ಸರಿಯಿದೆ ಅಲ್ವಾ? ಹಾಗಾದರೆ ಆಫ್ಟರ್‌ಬರ್ನರ್ ಎಂಬ ಸಾಫ್ಟ್‌ವೇರಿನಲ್ಲಿ ಎರಡೂ ಕಾರ್ಡಿನ ಪವರ್ ಲಿಮಿಟ್ 80%ಗೆ ಇಳಿಸಿ. ಸುಮಾರು 70 ವ್ಯಾಟ್ ಉಳಿಯುತ್ತದೆ, ರೆಂಡರ್ ಸ್ವಲ್ಪ ನಿಧಾನವಾಗುತ್ತದೆ ಅಷ್ಟೇ.